ಅಮ್ಮ ಕೈ ತೋರಿಸಿದರೆ ಕಾರು ನಿಲ್ಲುತ್ತದೆಯೇ? ಚಾಲಕನಿಲ್ಲದ ಕಾರು ಮತ್ತು ನಮ್ಮ ರಸ್ತೆಯ ನೀತಿ

ನಾನು ಸಾಫ್ಟ್‌ವೇರ್ ಇಂಜಿನಿಯರ್. ಎಂ.ಟೆಕ್ ಮುಗಿಸಿ ಕೆಲಸಕ್ಕೆ ಸೇರಿ ಹತ್ತು ವರ್ಷ ದಾಟಿತು. ಇರೋದು ನವಿ ಮುಂಬಯಿಯ ಸೀವುಡ್ಸ್‌ನಲ್ಲಿ. ಇವತ್ತಿನ ವಿಷಯ ಚಾಲಕನಿಲ್ಲದ ಕಾರು. ಅದರ ಕ್ಯಾಮೆರಾ, ಬ್ಯಾಟರಿ, ಬೆಲೆ ಬಗ್ಗೆ ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ನಾನು ಹೇಳಹೊರಟಿರೋದು ಅದರ ನೀತಿಯ ಬಗ್ಗೆ. ಕಾರಿಗೂ ನೀತಿಗೂ ಏನು ಸಂಬಂಧ ಅಂತ ನಿಮಗೆ ಅನಿಸಬಹುದು. ಡ್ರೈವರ್ ಸೀಟಿನಲ್ಲಿ ಮನುಷ್ಯ ಕೂತಿರುವ ತನಕ ಆ ಪ್ರಶ್ನೆ ಅವನ ತಲೆಯೊಳಗೇ ಇರುತ್ತೆ. ಸೀಟು ಖಾಲಿಯಾದ ಕೂಡಲೇ ಅದಕ್ಕೆ ಯಾರಾದರೂ ಮೊದಲೇ ಉತ್ತರ ಬರೆದಿಡಬೇಕಾಗುತ್ತೆ. ಬರೆಯುವವರು ನನ್ನಂಥ ಕೆಲಸದವರು. ಹಾಗಾಗಿ ಈ ಮಾತು.

2016ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ‘ಮಾರಲ್ ಮಷೀನ್’ ಅಂತ ಒಂದು ಪ್ರಯೋಗ ಶುರು ಮಾಡಿದರು. ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ಆಡಬಹುದಾದ ಆಟದ ಹಾಗಿತ್ತು ಅದು. ಕಾರಿನ ಬ್ರೇಕ್ ಕೆಟ್ಟಿದೆ. ನೇರ ಹೋದರೆ ಈ ಕಡೆಯವರು ಸಾಯ್ತಾರೆ, ತಿರುಗಿಸಿದರೆ ಆ ಕಡೆಯವರು. ಒಂದು ಕಡೆ ಮುದುಕ, ಇನ್ನೊಂದು ಕಡೆ ಮಗು. ಒಂದು ಕಡೆ ವೈದ್ಯೆ, ಇನ್ನೊಂದು ಕಡೆ ಮನೆಮಠ ಇಲ್ಲದವನು. ಒಂದು ಕಡೆ ಸಿಗ್ನಲ್ ನೋಡಿ ದಾಟುವವರು, ಇನ್ನೊಂದು ಕಡೆ ಕೆಂಪು ಇದ್ದಾಗಲೇ ನುಗ್ಗಿದವರು. ಕಾರು ಯಾರನ್ನು ಉಳಿಸಬೇಕು, ನೀವು ಹೇಳಿ. ಹೀಗೆ 233 ದೇಶ ಮತ್ತು ಪ್ರಾಂತ್ಯಗಳಿಂದ ಸುಮಾರು 4 ಕೋಟಿ ಉತ್ತರ ಬಂತು. ಫಲಿತಾಂಶ 2018ರ ಅಕ್ಟೋಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮೂರು ವಿಷಯದಲ್ಲಿ ಜಗತ್ತಿನ ಬಹುಪಾಲು ಜನ ಒಂದೇ ಕಡೆ ವಾಲಿದ್ದರು. ಪ್ರಾಣಿಗಿಂತ ಮನುಷ್ಯನನ್ನು ಉಳಿಸಿ, ಕಡಿಮೆ ಜನಕ್ಕಿಂತ ಹೆಚ್ಚು ಜನರನ್ನು ಉಳಿಸಿ, ವಯಸ್ಸಾದವರಿಗಿಂತ ಚಿಕ್ಕವರನ್ನು ಉಳಿಸಿ. ಆದರೆ ಎಷ್ಟು ವಾಲಿದ್ದರು ಅನ್ನೋದು ದೇಶದಿಂದ ದೇಶಕ್ಕೆ ಬೇರೆ. ಹಿರಿಯರಿಗೆ ಗೌರವ ಜಾಸ್ತಿ ಇರುವ ಪೂರ್ವದ ಹಲವು ದೇಶಗಳಲ್ಲಿ ಚಿಕ್ಕವರ ಕಡೆಗಿನ ಒಲವು ಅಷ್ಟು ಜೋರಾಗಿರಲಿಲ್ಲ. ಫಿನ್‌ಲ್ಯಾಂಡ್, ಜಪಾನ್‌ನಂಥ ಕಡೆ ಸಿಗ್ನಲ್ ಮುರಿದು ದಾಟಿದವರ ಮೇಲೆ ಜನ ಕಠಿಣವಾಗಿದ್ದರು. ನೈಜೀರಿಯಾ, ಪಾಕಿಸ್ತಾನದವರು ಅಷ್ಟು ಕಠಿಣವಾಗಿರಲಿಲ್ಲ. ಬಡವ-ಶ್ರೀಮಂತರ ಅಂತರ ದೊಡ್ಡದಿರುವ ದೇಶಗಳಲ್ಲಿ ಮನೆಯಿಲ್ಲದವನಿಗಿಂತ ದೊಡ್ಡ ಹುದ್ದೆಯವನನ್ನು ಉಳಿಸುವ ಒಲವೂ ದೊಡ್ಡದಾಗಿತ್ತು.

ಇದನ್ನು ಓದಿದ ಕೂಡಲೇ ಬರುವ ಯೋಚನೆ ಒಂದಿದೆ. ಹಾಗಾದರೆ ದೇಶಕ್ಕೊಂದು ಸೆಟ್ಟಿಂಗ್ ಇಟ್ಟರಾಯಿತು, ಜಪಾನಿಗೆ ಒಂದು, ಕೊಲಂಬಿಯಾಕ್ಕೆ ಒಂದು, ಭಾರತಕ್ಕೆ ಒಂದು. ಫೋನಿನಲ್ಲಿ ಭಾಷೆ ಬದಲಾಯಿಸಿದ ಹಾಗೆ. ಸಂಶೋಧಕರು ಹಾಗೆ ಹೇಳಿಲ್ಲ. ಜನ ಹೇಳಿದ್ದೇ ಕಾನೂನಾಗಬೇಕು ಅಂತ ಅವರೂ ವಾದಿಸಿಲ್ಲ. ಆದರೆ ನಮ್ಮ ಕ್ಷೇತ್ರದಲ್ಲಿ ಇಂಥ ಯೋಚನೆಗೆ ಬಹಳ ಬೇಗ ಜನ ಮರುಳಾಗ್ತಾರೆ. ಅದರಲ್ಲಿ ಏನು ತೊಂದರೆ ಅಂತ ನೋಡೋಣ.

ಮೊದಲು ಆ ಪ್ರಶ್ನೆಪತ್ರಿಕೆಯನ್ನೇ ನೋಡಿ. ಹತ್ತು ಭಾಷೆಗಳಲ್ಲಿ ಅದು ಇತ್ತು. ಅರೇಬಿಕ್, ಚೀನೀ, ಜಪಾನೀ, ಪೋರ್ಚುಗೀಸ್ ಎಲ್ಲ ಇತ್ತು. ಕನ್ನಡ ಬಿಡಿ, ಹಿಂದಿಯೂ ಇರಲಿಲ್ಲ. ಭಾರತದಿಂದ ಉತ್ತರ ಕೊಟ್ಟವರು ಹೆಚ್ಚಾಗಿ ಇಂಗ್ಲಿಷ್ ಬಲ್ಲ, ಇಂಟರ್‌ನೆಟ್‌ನಲ್ಲಿ ಆಡುವಷ್ಟು ಪುರಸೊತ್ತು ಇರುವವರು. ಅಂದ್ರೆ ನನ್ನಂಥವರು. ಇನ್ನು ಚಿತ್ರದಲ್ಲಿ ಇದ್ದವರು ಯಾರು? ಪ್ರಾಣಿ ಅಂದರೆ ನಾಯಿ ಮತ್ತು ಬೆಕ್ಕು. ಹಸು ಇಲ್ಲ. ಒಂದೇ ಸ್ಕೂಟರ್ ಮೇಲೆ ಅಪ್ಪ, ಅಮ್ಮ, ಮುಂದೆ ನಿಂತ ಮಗು, ಮಧ್ಯದಲ್ಲಿ ಸಿಕ್ಕಿಕೊಂಡ ಶಾಲೆ ಚೀಲ, ಅದು ಇಲ್ಲ. ಎಳೆಯುವ ಕೈಗಾಡಿ ಇಲ್ಲ, ಡಿವೈಡರ್ ಮೇಲೆ ಮಲಗಿದವನು ಇಲ್ಲ. ನಮ್ಮ ಸಂಸ್ಕೃತಿಯ ಬಗ್ಗೆ ಕೇಳಿದ ಪ್ರಶ್ನೆಯಲ್ಲಿ ನಮ್ಮ ರಸ್ತೆಯೇ ಇರಲಿಲ್ಲ.

ಎರಡನೆಯದು ಇನ್ನೂ ಮುಖ್ಯ. ಕಾರಿನ ಸಾಫ್ಟ್‌ವೇರ್‌ನಲ್ಲಿ ‘ಮುದುಕನನ್ನು ಬಿಡು, ಮಗುವನ್ನು ಉಳಿಸು’ ಅಂತ ಬರೆದ ಸಾಲು ಸಾಮಾನ್ಯವಾಗಿ ಇರೋದಿಲ್ಲ. ಅಲ್ಲಿ ಇರೋದು ಬೇರೆ ಥರದ ನಿರ್ಧಾರಗಳು. ಮುಂದೆ ಕಾಣುತ್ತಿರುವ ವಸ್ತು ಏನು? ಅದು ಯಾವ ಕಡೆ ಹೋಗಬಹುದು? ಖಾತ್ರಿ ಇಲ್ಲದಿದ್ದರೆ ವೇಗ ಎಷ್ಟು ಇಳಿಸಬೇಕು? ಬದಿಯಲ್ಲಿ ಎಷ್ಟು ಜಾಗ ಬಿಡಬೇಕು? ಸುಮ್ಮಸುಮ್ಮನೆ ಬ್ರೇಕ್ ಹಾಕಿ ಒಳಗೆ ಕೂತವರಿಗೆ ಕಿರಿಕಿರಿ ಮಾಡಬಾರದು ಅನ್ನೋದಕ್ಕೆ ಎಷ್ಟು ತೂಕ ಕೊಡಬೇಕು? ಕೇಳೋಕೆ ಒಣ ಲೆಕ್ಕ ಅನಿಸುತ್ತೆ. ಆದರೆ ಜೀವ ಉಳಿಯೋದು, ಹೋಗೋದು ಈ ಲೆಕ್ಕದಲ್ಲೇ.

ಒಂದು ನಿಜ ಘಟನೆ ಹೇಳ್ತೀನಿ. 2018ರ ಮಾರ್ಚ್ 18ರ ರಾತ್ರಿ, ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ಅನ್ನುವ ಊರು. 49 ವರ್ಷದ ಒಬ್ಬ ಮಹಿಳೆ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಜೀಬ್ರಾ ಪಟ್ಟಿ ಇಲ್ಲದ ಜಾಗ. ಊಬರ್ ಕಂಪನಿ ಪರೀಕ್ಷೆಗೆ ಬಿಟ್ಟಿದ್ದ ಸ್ವಯಂಚಾಲಿತ ಕಾರು ಅವರಿಗೆ ಡಿಕ್ಕಿ ಹೊಡೆಯಿತು, ಅವರು ತೀರಿಕೊಂಡರು. ಕಾರಿನಲ್ಲಿ ಮೇಲ್ವಿಚಾರಣೆಗೆ ಕೂತಿದ್ದವರ ಗಮನ ಫೋನಿನ ಮೇಲಿತ್ತು. ಆದರೆ ಕಾರಿಗೆ ಆ ಮಹಿಳೆ ಕಾಣಲಿಲ್ಲವೇ? ಕಂಡಿತ್ತು. ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಕಂಡಿತ್ತು. ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯಲ್ಲಿ ಹೊರಬಿದ್ದದ್ದು ಇದು: ಕಾರು ಅವರನ್ನು ಒಮ್ಮೆ ವಾಹನ ಅಂದುಕೊಂಡಿತು, ಒಮ್ಮೆ ಏನೋ ವಸ್ತು ಅಂದುಕೊಂಡಿತು, ಮತ್ತೊಮ್ಮೆ ಸೈಕಲ್ ಅಂದುಕೊಂಡಿತು. ಹೆಸರು ಬದಲಾದಾಗಲೆಲ್ಲ ಅವರು ಅಲ್ಲಿಯವರೆಗೆ ಯಾವ ಕಡೆ ನಡೆದು ಬಂದರು ಅನ್ನುವ ಲೆಕ್ಕವನ್ನು ಬಿಟ್ಟುಬಿಟ್ಟಿತು. ಜೀಬ್ರಾ ಪಟ್ಟಿಯ ಹೊರಗೂ ಮನುಷ್ಯರು ರಸ್ತೆ ದಾಟಬಹುದು ಅನ್ನುವ ಸಾಧ್ಯತೆಯೇ ಆ ವಿನ್ಯಾಸದಲ್ಲಿ ಇರಲಿಲ್ಲ.

ಗಮನಿಸಿ, ಇಲ್ಲಿ ಯಾರೂ ಯಾರನ್ನೂ ಆರಿಸಲಿಲ್ಲ. ಮುದುಕ, ಮಗು ಅನ್ನುವ ತಕ್ಕಡಿಯೇ ಇರಲಿಲ್ಲ. ‘ಜನ ಎಲ್ಲಿ ದಾಟಬೇಕೋ ಅಲ್ಲೇ ದಾಟ್ತಾರೆ’ ಅನ್ನುವ ಒಂದು ನಂಬಿಕೆ ಇತ್ತು. ಅದೂ ಒಂದು ಸಂಸ್ಕೃತಿಯೇ. ಯಾರೂ ಅದನ್ನು ನೀತಿ ಅಂತ ಕರೆಯದೆ ಕೋಡಿನೊಳಗೆ ಕೂರಿಸಿದ್ದರು, ಅಷ್ಟೆ. ಅದೇ ಕಾರನ್ನು ತಂದು ಸೀವುಡ್ಸ್–ದಾರಾವೆ ಸ್ಟೇಷನ್ ಮುಂದೆ ಸಂಜೆ ಏಳು ಗಂಟೆಗೆ ಬಿಟ್ಟರೆ ಏನಾಗುತ್ತೆ ಅಂತ ನೀವೇ ಊಹಿಸಿ.

ನಮ್ಮಲ್ಲಿ ಈ ಕೆಲಸ ಶುರುವಾಗಿಲ್ಲ ಅಂತಲ್ಲ. ಹೈದರಾಬಾದಿನ ಐಐಐಟಿ ಮತ್ತು ಇಂಟೆಲ್ ಸೇರಿ ‘ಇಂಡಿಯಾ ಡ್ರೈವಿಂಗ್ ಡೇಟಾಸೆಟ್’ ಅಂತ ಒಂದು ಚಿತ್ರಸಂಗ್ರಹ ಮಾಡಿದ್ದಾರೆ. ಹೈದರಾಬಾದ್, ಬೆಂಗಳೂರು ಮತ್ತು ಸುತ್ತಮುತ್ತಲಿನ ರಸ್ತೆಗಳಲ್ಲಿ 182 ಓಟಗಳಿಂದ ತೆಗೆದ ಸುಮಾರು 10,000 ಚಿತ್ರಗಳು. ಒಂದೊಂದು ಚಿತ್ರದಲ್ಲೂ ಇದು ಕಾರು, ಇದು ಮನುಷ್ಯ, ಇದು ಗೋಡೆ ಅಂತ 34 ಬಗೆಯಲ್ಲಿ ಗುರುತು ಹಾಕಿದ್ದಾರೆ. ಅದಕ್ಕೂ ಮೊದಲು ಎಲ್ಲರೂ ಬಳಸುತ್ತಿದ್ದ ‘ಸಿಟಿಸ್ಕೇಪ್ಸ್’ ಸಂಗ್ರಹದ ಚಿತ್ರಗಳು ಹೆಚ್ಚಾಗಿ ಜರ್ಮನಿಯ ಊರುಗಳವು. ಅದರಲ್ಲಿ ಆಟೋರಿಕ್ಷಾ ಅನ್ನುವ ಹೆಸರೇ ಇರಲಿಲ್ಲ. ನಮ್ಮ ಸಂಗ್ರಹದಲ್ಲಿ ಆಟೋರಿಕ್ಷಾ ಇದೆ, ಪ್ರಾಣಿ ಇದೆ. ಇನ್ನೂ ಒಂದು ಇದೆ, ನನಗೆ ಬಹಳ ಇಷ್ಟವಾದದ್ದು: ರಸ್ತೆಯೂ ಅಲ್ಲದ, ಫುಟ್‌ಪಾತೂ ಅಲ್ಲದ, ಬೇಕಾದರೆ ಗಾಡಿ ಇಳಿಸಬಹುದಾದ ಮಣ್ಣಿನ ಅಂಚಿಗೆ ಒಂದು ಬೇರೆ ಹೆಸರು. ನಮ್ಮ ಊರುಗಳಲ್ಲಿ ಅರ್ಧ ಬದುಕು ನಡೆಯೋದೇ ಆ ಅಂಚಿನಲ್ಲಿ ಅಲ್ವಾ? ತರಕಾರಿ ಗಾಡಿ ನಿಲ್ಲೋದು, ಮಕ್ಕಳು ಶಾಲೆಗೆ ನಡೆಯೋದು ಅಲ್ಲೇ. ಆ ಅಂಚನ್ನು ‘ಗಾಡಿ ಇಳಿಸಬಹುದಾದ ಜಾಗ’ ಅಂತ ಗುರುತು ಮಾಡಿದರೆ ಕಾರಿಗೆ ಅದು ಜಾಗ. ಅಲ್ಲಿ ನಡೆಯುವವರಿಗೆ ಅದೇ ದಾರಿ. ಒಂದು ಹೆಸರು ಇಡೋದರಲ್ಲೂ ಯಾರು ಮೊದಲು ಅನ್ನುವ ತೀರ್ಮಾನ ಅಡಗಿರುತ್ತೆ.

ಇನ್ನು ನಮ್ಮ ಅಮ್ಮನ ವಿಷಯ. ಅಮ್ಮ ವರ್ಷಕ್ಕೊಮ್ಮೆ ಕಾರ್ಕಳದಿಂದ ಬಂದು ನಮ್ಮ ಜೊತೆ ಎರಡು ತಿಂಗಳು ಇರ್ತಾರೆ. ತರಕಾರಿ ತರೋಕೆ ಹೊರಟರೆ ಅವರು ರಸ್ತೆ ದಾಟೋ ರೀತಿ ಒಂದೇ. ಬಲಗೈ ಎತ್ತಿ, ಅಂಗೈ ಗಾಡಿಗಳ ಕಡೆ ತೋರಿಸಿ, ನಿಧಾನಕ್ಕೆ ನಡೆಯೋದು. ಓಡೋದಿಲ್ಲ, ನಿಲ್ಲೋದೂ ಇಲ್ಲ. ‘ಅಮ್ಮ, ಅವನು ನಿಲ್ಲಿಸದಿದ್ದರೆ?’ ಅಂದರೆ, ‘ಅವನಿಗೆ ಕಣ್ಣುಂಟಲ್ಲ ಮಗಾ’ ಅಂತಾರೆ. ಈ ಅಂಗೈ ಇಡೀ ದೇಶಕ್ಕೆ ಗೊತ್ತಿರುವ ಭಾಷೆ. ಯಾವ ಸಂಚಾರ ನಿಯಮದ ಪುಸ್ತಕದಲ್ಲೂ ಕಲಿಸೋದಿಲ್ಲ, ಆದರೂ ಎಲ್ಲ ಡ್ರೈವರ್‌ಗಳಿಗೂ ಅರ್ಥವಾಗುತ್ತೆ. ಅದರಲ್ಲಿ ಅಪ್ಪಣೆಯೂ ಇದೆ, ಕೋರಿಕೆಯೂ ಇದೆ. ಹಾಗೇ ಹಾರ್ನ್. ಹಾಗೇ ಡಿಪ್ಪರ್ ಹೊಡೆಯೋದು. ಇಂಗ್ಲೆಂಡಿನಲ್ಲಿ ಎದುರಿನವನು ಹೆಡ್‌ಲೈಟ್ ಮಿನುಗಿಸಿದರೆ ಹೆಚ್ಚಾಗಿ ‘ನೀನು ಮುಂದೆ ಹೋಗು’ ಅಂತ ಅರ್ಥ. ನಮ್ಮಲ್ಲಿ ‘ನಾನು ಬರ್ತಾ ಇದೀನಿ, ನೀನು ನಿಲ್ಲು’ ಅಂತ. ಅದೇ ಬೆಳಕು, ಅರ್ಥ ತಿರುವುಮುರುವು.

ಸಂಚಾರ ಪೊಲೀಸರ ಕೈಸನ್ನೆ, ಸೈಕಲ್ ಸವಾರರ ಕೈಸನ್ನೆ ಗುರುತಿಸುವುದನ್ನು ಚಾಲಕನಿಲ್ಲದ ಕಾರುಗಳಿಗೆ ಈಗಾಗಲೇ ಕಲಿಸಿದ್ದಾರೆ. ಅಮ್ಮನ ಅಂಗೈಯನ್ನೂ ಗುರುತಿಸುವಂತೆ ಮಾಡಬಹುದು, ಅದು ಕಷ್ಟದ ಕೆಲಸವಲ್ಲ. ಪ್ರಶ್ನೆ ಇರೋದು ಗುರುತಿಸಿದ ಮೇಲೆ ಏನು ಮಾಡಬೇಕು ಅನ್ನೋದರಲ್ಲಿ. ಕಾನೂನು ನೋಡಿದರೆ ಅಮ್ಮ ದಾಟಿದ್ದು ದಾಟಬೇಕಾದ ಜಾಗದಲ್ಲಲ್ಲ. ಅಭ್ಯಾಸ ನೋಡಿದರೆ ಕೆಲವರು ನಿಲ್ಲಿಸ್ತಾರೆ, ಕೆಲವರು ಹಾರ್ನ್ ಹೊಡೆದು ಪಕ್ಕದಲ್ಲೇ ನುಗ್ಗಿಸ್ತಾರೆ.

ಇಲ್ಲಿ ‘ಸಂಸ್ಕೃತಿ’ ಅನ್ನುವ ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಾವು ಅದರಲ್ಲಿ ಮೂರು ಬೇರೆ ಸಂಗತಿಗಳನ್ನು ಒಟ್ಟಿಗೆ ತುಂಬಿಬಿಡ್ತೀವಿ. ಒಂದು, ಕೇಳಿದರೆ ನಾವು ಹೇಳೋದು. ಎರಡು, ಯಾರೂ ನೋಡದಿದ್ದಾಗ ನಾವು ಮಾಡೋದು. ಮೂರು, ಆಗಬೇಕು ಅಂತ ನಾವು ಮನಸ್ಸಿನಲ್ಲಿ ಒಪ್ಪಿಕೊಂಡಿರೋದು. ಮಾರಲ್ ಮಷೀನ್ ಅಳೆದದ್ದು ಮೊದಲನೆಯದನ್ನು. ರಸ್ತೆಯ ವಿಡಿಯೊ ನೋಡಿ ಕಲಿಯುವ ಕಾರು ಕಲಿಯೋದು ಎರಡನೆಯದನ್ನು. ನಮಗೆ ಬೇಕಾಗಿರೋದು ಮೂರನೆಯದು, ಅದನ್ನು ಯಾವ ಸಮೀಕ್ಷೆಯೂ ಯಾವ ಕ್ಯಾಮೆರಾವೂ ತಾನಾಗಿ ಕೊಡೋದಿಲ್ಲ.

ಎರಡನೆಯದು ಎಷ್ಟು ಅಪಾಯ ಅಂತ ಹೇಳ್ತೀನಿ. ಈಗ ಹಲವು ಕಡೆ ಕಾರಿಗೆ ನಿಯಮ ಬರೆದು ಕಲಿಸುವ ಬದಲು, ಮನುಷ್ಯರು ಓಡಿಸಿದ ಲಕ್ಷಾಂತರ ಕಿಲೋಮೀಟರ್ ತೋರಿಸಿ ‘ಇವರ ಹಾಗೇ ಓಡಿಸು’ ಅಂತಾರೆ. ನಮ್ಮ ರಸ್ತೆಯಲ್ಲಿ ಹಾಗೆ ಕಲಿತ ಕಾರು ಏನು ಕಲಿಯುತ್ತೆ? ಜೀಬ್ರಾ ಪಟ್ಟಿ ಅಂದರೆ ಬರೀ ಬಣ್ಣ ಅಂತ ಕಲಿಯುತ್ತೆ. ದೊಡ್ಡ ಗಾಡಿಗೆ ದಾರಿ ಬಿಡು, ಸಣ್ಣದಕ್ಕೆ ಬಿಡಬೇಡ ಅಂತ ಕಲಿಯುತ್ತೆ. ಟ್ರಕ್ ಮುಂದೆ ಕಾರು ಬಗ್ಗುತ್ತೆ, ಕಾರಿನ ಮುಂದೆ ಬೈಕು, ಬೈಕಿನ ಮುಂದೆ ಸೈಕಲ್, ಎಲ್ಲರ ಮುಂದೆ ನಡೆಯುವವನು. ಇದನ್ನು ಯಾರೂ ನಮಗೆ ಹೇಳಿಕೊಟ್ಟಿಲ್ಲ, ಆದರೂ ಎಲ್ಲರಿಗೂ ಬರುತ್ತೆ. ಇದರ ಬೆಲೆಯೂ ಲೆಕ್ಕದಲ್ಲಿದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನಡೆಯುತ್ತಿದ್ದವರು 32,825. ದಿನಕ್ಕೆ ಸುಮಾರು 90. ದ್ವಿಚಕ್ರ ವಾಹನದಲ್ಲಿದ್ದವರು ಶೇ. 44ಕ್ಕೂ ಹೆಚ್ಚು. ಕಾರಿನ ಹೊರಗೆ ಇರುವವರೇ ಹೆಚ್ಚಾಗಿ ಸಾಯೋದು. ಆದರೆ ಕಾರು ಕೊಳ್ಳುವವರು ಒಳಗೆ ಕೂರುವವರು. ಕಂಪನಿಗಳು ಯಾರ ಮಾತು ಕೇಳ್ತವೆ ಅಂತ ಬೇರೆ ಹೇಳಬೇಕಿಲ್ಲ.

ಹಾಗಾದರೆ ಅಭ್ಯಾಸ ಬಿಟ್ಟು ಕಾನೂನನ್ನು ಮಾತ್ರ ಕಲಿಸೋಣವೇ? ಅದೂ ಅಷ್ಟು ಸುಲಭವಲ್ಲ. ಕಾನೂನು ಮುರಿದು ದಾಟುವವರ ಬಗ್ಗೆ ಕೆಲವು ದೇಶಗಳ ಜನ ಮೃದುವಾಗಿದ್ದರು ಅಂದೆನಲ್ಲ, ಅದನ್ನು ‘ಶಿಸ್ತಿಲ್ಲದ ಜನ’ ಅಂತ ಓದೋದು ಒಂದು ರೀತಿ. ನಾನು ಇನ್ನೊಂದು ರೀತಿ ಓದ್ತೀನಿ. ಆರು ಲೇನಿನ ಪಾಮ್ ಬೀಚ್ ರಸ್ತೆಯಂಥ ಕಡೆ, ಸರಿಯಾಗಿ ದಾಟಬೇಕು ಅಂದರೆ ಬಿಸಿಲಲ್ಲಿ ಎಷ್ಟು ದೂರ ನಡೆದು ಸಿಗ್ನಲ್ ಹುಡುಕಬೇಕು ಅಂತ ನಡೆದವರಿಗೆ ಗೊತ್ತು. ಫುಟ್‌ಪಾತೇ ಇಲ್ಲದ ಕಡೆ ರಸ್ತೆಯಲ್ಲಿ ನಡೆದವನು ತಪ್ಪಿತಸ್ಥ ಹೇಗಾಗ್ತಾನೆ? ಇಂಥ ಕಡೆ ಬದುಕಿದವರು ಅಡ್ಡ ದಾಟುವವನನ್ನು ನೋಡಿ ‘ಅವನಿಗೂ ಬೇರೆ ದಾರಿ ಇರಲಿಲ್ಲವೇನೋ’ ಅಂತ ಯೋಚಿಸ್ತಾರೆ. ಅದು ಅರಾಜಕತೆ ಅಲ್ಲ, ಅನುಭವದಿಂದ ಬಂದ ಕನಿಕರ. ಕಾರಿಗೆ ನಮ್ಮಿಂದ ಕಲಿಸುವಂಥದ್ದು ಏನಾದರೂ ಇದ್ದರೆ ಇದೇ.

ಜನರ ಅಭ್ಯಾಸ ಅಂದರೆ ಕಲ್ಲಿನಲ್ಲಿ ಕೆತ್ತಿದ್ದು ಅಂತಲೂ ಅಂದುಕೊಳ್ಳಬೇಡಿ. ಇದಕ್ಕೆ ಉದಾಹರಣೆ ನಮ್ಮ ಹಾರ್ಬರ್ ಲೈನಿನಲ್ಲೇ ಇದೆ. ವಡಾಲಾ ಹತ್ತಿರ ಹಳಿ ದಾಟುವಾಗ ರೈಲಿಗೆ ಸಿಕ್ಕಿ ಸಾಯುವವರು ಬಹಳ ಇದ್ದರು. ದಂಡ, ಎಚ್ಚರಿಕೆ ಫಲಕ ಯಾವುದಕ್ಕೂ ಜನ ಬಗ್ಗಲಿಲ್ಲ. ‘ಮುಂಬಯಿ ಜನ ಹೀಗೇ, ಎಲ್ಲರಿಗೂ ಅವಸರ’ ಅಂತ ಹೇಳಿ ಕೈತೊಳೆದುಕೊಳ್ಳಬಹುದಿತ್ತು. 2009ರ ಕೊನೆಗೆ ಫೈನಲ್ ಮೈಲ್ ಅನ್ನುವ ಸಂಸ್ಥೆ ರೈಲ್ವೆ ಜೊತೆ ಸೇರಿ ಮೂರು ಸಣ್ಣ ಕೆಲಸ ಮಾಡಿತು. ಹಳಿಯ ಕೆಲವು ಸ್ಲೀಪರ್‌ಗಳಿಗೆ ಹಳದಿ ಬಣ್ಣ ಹಚ್ಚಿದರು, ಬರುವ ರೈಲಿನ ವೇಗ ಕಣ್ಣಿಗೆ ಅಂದಾಜಾಗಲಿ ಅಂತ. ಒಂದು ಉದ್ದ ಸೀಟಿಯ ಬದಲು ಎರಡು ಚಿಕ್ಕ ಸೀಟಿ ಹೊಡೆಸಿದರು. ರೈಲಿಗೆ ಸಿಕ್ಕಿಬೀಳುವ ಮನುಷ್ಯನ ಹೆದರಿದ ಮುಖದ ಚಿತ್ರ ಹಾಕಿದರು. ಸಾವು ಗಣನೀಯವಾಗಿ ಇಳಿಯಿತು. ಜನ ಅದೇ ಜನ. ಕಾಣುವ ರೀತಿ ಬದಲಾಯಿತು, ನಡೆಯುವ ರೀತಿಯೂ ಬದಲಾಯಿತು. ಸಂಸ್ಕೃತಿ ಅಂತ ನಾವು ಕರೆಯೋದರಲ್ಲಿ ಅರ್ಧ, ಯಾರೋ ಹೇಗೋ ಕಟ್ಟಿದ ರಸ್ತೆಗೆ ನಾವು ಹೊಂದಿಕೊಂಡ ರೀತಿ. ನಾವು ಕನ್ನಡಿಗರು ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅನ್ನೋದರಲ್ಲಿ ನಿಸ್ಸೀಮರು. ಹಾಗೆ ಅಡ್ಜಸ್ಟ್ ಮಾಡಿಕೊಂಡದ್ದನ್ನೇ ನಮ್ಮ ಮೌಲ್ಯ ಅಂತ ತಿಳಿದು ಯಂತ್ರದೊಳಗೆ ಬರೆದುಬಿಟ್ಟರೆ, ಆಮೇಲೆ ಬದಲಾಯಿಸುವವರು ಯಾರು?

ಅಂತಸ್ತಿನ ವಿಷಯವೂ ಹಾಗೇ. 2017ರ ಮೇ 1ರವರೆಗೆ ನಮ್ಮ ರಸ್ತೆಯಲ್ಲಿ ಕೆಂಪು ದೀಪದ ಕಾರು ಬಂದರೆ ಎಲ್ಲರೂ ಸರಿಯಬೇಕಿತ್ತು. ಆ ದಿನದಿಂದ ಮಂತ್ರಿಗಳ ಕಾರಿನ ಮೇಲಿನ ದೀಪ ತೆಗೆಸಿದರು. ಒಂದು ವೇಳೆ 2010ರಲ್ಲೇ ನಮ್ಮ ರಸ್ತೆ ನೋಡಿ ಕಲಿತ ಕಾರು ಇದ್ದಿದ್ದರೆ, ಕೆಂಪು ದೀಪಕ್ಕೆ ಬಗ್ಗುವುದನ್ನು ಅದು ಭಾರತದ ಸಂಸ್ಕೃತಿ ಅಂತಲೇ ಕಲಿಯುತ್ತಿತ್ತು. ಜರ್ಮನಿ ಇದಕ್ಕೆ ಮೊದಲೇ ಬೇಲಿ ಹಾಕಿತು. 2017ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ ನೀತಿ ಆಯೋಗ 20 ಸೂತ್ರಗಳನ್ನು ಕೊಟ್ಟಿತು. ಅದರಲ್ಲೊಂದು: ಅಪಘಾತ ತಪ್ಪಿಸಲಾಗದ ಸ್ಥಿತಿಯಲ್ಲಿ ವಯಸ್ಸು, ಲಿಂಗ, ದೇಹ ಮತ್ತು ಮನಸ್ಸಿನ ಸ್ಥಿತಿ ನೋಡಿ ಒಬ್ಬರಿಗಿಂತ ಒಬ್ಬರು ಹೆಚ್ಚು ಅಂತ ಕಾರು ಲೆಕ್ಕ ಹಾಕಲೇಬಾರದು. ಸಮೀಕ್ಷೆಯಲ್ಲಿ ಜಗತ್ತು ‘ಚಿಕ್ಕವರನ್ನು ಉಳಿಸಿ’ ಅಂದರೂ ಜರ್ಮನಿ ‘ಆ ಲೆಕ್ಕವೇ ಬೇಡ’ ಅಂದಿತು. ಅವರ ಇತಿಹಾಸ ಗೊತ್ತಿದ್ದವರಿಗೆ ಯಾಕೆ ಅಂತ ಅರ್ಥವಾಗುತ್ತೆ. ನಮ್ಮ ಇತಿಹಾಸ ನೋಡಿದರೆ ನಾವೂ ಇಂಥ ಸೂತ್ರ ಬರೆಯಬೇಕು. ಅದಕ್ಕೆ ಜಾತಿ, ಬಟ್ಟೆ, ಗಾಡಿಯ ಬೆಲೆ ಇವನ್ನೂ ಸೇರಿಸಬೇಕು.

ಇಲ್ಲಿಯವರೆಗೆ ಹೇಳಿದ್ದು ಅಪಘಾತಕ್ಕೆ ಮೊದಲಿನದು. ನಮ್ಮ ದೇಶದಲ್ಲಿ ದೊಡ್ಡ ನೈತಿಕ ಪ್ರಶ್ನೆ ಅಪಘಾತ ಆದ ಮೇಲೆ ಶುರುವಾಗುತ್ತೆ. ನಿಲ್ಲಬೇಕೋ, ಓಡಬೇಕೋ? 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಂ, ಗಾಯಾಳುವಿಗೆ ಚಿಕಿತ್ಸೆ ಕೊಡಿಸೋದು ಚಾಲಕನ ಕರ್ತವ್ಯ ಅನ್ನುತ್ತೆ. ಅದರಲ್ಲೇ ಒಂದು ವಿನಾಯಿತಿ ಇದೆ, ಜನರ ಗುಂಪಿನ ಸಿಟ್ಟಿನಿಂದ ಅದು ಸಾಧ್ಯವಾಗದಿದ್ದರೆ ಅಂತ. ನೋಡಿ, ಡ್ರೈವರ್ ನಿಂತರೆ ಜನ ಹೊಡೆದು ಕೊಲ್ಲಬಹುದು ಅನ್ನೋದು ಕಾಯ್ದೆ ಬರೆದವರಿಗೂ ಗೊತ್ತಿತ್ತು. 2024ರ ಜನವರಿ ಮೊದಲ ದಿನಗಳಲ್ಲಿ ಟ್ರಕ್ ಚಾಲಕರು ದೇಶದ ಹಲವೆಡೆ ಮುಷ್ಕರ ಮಾಡಿದ್ದು ಇದೇ ವಿಷಯಕ್ಕೆ, ನಮ್ಮ ನವಿ ಮುಂಬಯಿಯಲ್ಲೂ. ಹೊಸ ನ್ಯಾಯ ಸಂಹಿತೆಯ 106(2)ನೇ ಕಲಂನಲ್ಲಿ ಅಪಘಾತ ಮಾಡಿ, ತಿಳಿಸದೆ ಓಡಿಹೋದರೆ 10 ವರ್ಷದವರೆಗೆ ಶಿಕ್ಷೆ ಅಂತ ಇತ್ತು. ‘ನಿಂತರೆ ಜನ ಕೊಲ್ತಾರೆ, ಓಡಿದರೆ ಜೈಲು’ ಅನ್ನೋದು ಚಾಲಕರ ಅಳಲು. ಸರ್ಕಾರ ಆ ಕಲಂ ಅನ್ನು ತಡೆಹಿಡಿಯಿತು.

ಚಾಲಕನಿಲ್ಲದ ಕಾರು ಓಡಿಹೋಗೋದಿಲ್ಲ. ಹಾಗೆ ಬರೆದರೆ ಅಲ್ಲೇ ನಿಲ್ಲುತ್ತೆ, ಆಂಬ್ಯುಲೆನ್ಸ್‌ಗೆ ಕರೆ ಮಾಡುತ್ತೆ, ನಡೆದದ್ದನ್ನು ಸುಳ್ಳಿಲ್ಲದೆ ದಾಖಲಿಸುತ್ತೆ. ಇದು ನಿಜವಾಗಿಯೂ ಒಳ್ಳೆಯದು. ಆದರೆ ಉತ್ತರ ಕೊಡುವವರು ಯಾರು? ದಾಖಲೆ ಕಂಪನಿಯ ಸರ್ವರ್‌ನಲ್ಲಿರುತ್ತೆ. ಸತ್ತವರ ಮನೆಯವರು ಯಾರ ಬಾಗಿಲು ಬಡಿಯಬೇಕು? ನಿಮಗೆ ಮನುನೀತಿ ಚೋಳನ ಕಥೆ ಗೊತ್ತಿರಬಹುದು. ಮದ್ರಾಸ್ ಹೈಕೋರ್ಟಿನ ಆವರಣದಲ್ಲಿ ಅವನ ಪ್ರತಿಮೆ ಇದೆ. ರಾಜಕುಮಾರನ ರಥದ ಚಕ್ರಕ್ಕೆ ಸಿಕ್ಕಿ ಕರು ಸಾಯುತ್ತೆ. ತಾಯಿ ಹಸು ಬಂದು ಅರಮನೆಯ ಗಂಟೆ ಎಳೆಯುತ್ತೆ. ರಾಜ ತನ್ನ ಮಗನಿಗೂ ಅದೇ ಶಿಕ್ಷೆ ವಿಧಿಸ್ತಾನೆ. ಶಿಕ್ಷೆ ಸರಿಯೋ ತಪ್ಪೋ ಬಿಡಿ, ಇವತ್ತು ಯಾರೂ ಒಪ್ಪೋದಿಲ್ಲ. ನನಗೆ ಅದರಲ್ಲಿ ಮುಖ್ಯ ಅನಿಸೋದು ಗಂಟೆ. ವಾಹನದಿಂದ ಅನ್ಯಾಯ ಆದ ಮೇಲೆ, ಮಾತು ಬಾರದ ಹಸುವಿಗೂ ಕೈಗೆಟುಕುವ ಹಾಗೆ ಒಂದು ಗಂಟೆ ತೂಗುಹಾಕಿತ್ತು, ಅದಕ್ಕೆ ಓಗೊಡುವವನೊಬ್ಬ ಇದ್ದ. ವಾಹನದ ಬಗ್ಗೆ ನಮ್ಮ ಕಡೆ ಹೇಳಿಕೊಂಡು ಬಂದ ಕಥೆ ಕೇಳೋದು ‘ಯಾರನ್ನು ಕೊಲ್ಲಬೇಕಿತ್ತು’ ಅಂತಲ್ಲ, ‘ಇದಕ್ಕೆ ಜವಾಬ್ದಾರಿ ಯಾರದು’ ಅಂತ.

ಇನ್ನೊಂದು ಮಾತು ಇದೆ, ಅದು ಕೆಲಸದ್ದು. ಕೇಂದ್ರ ಸಚಿವ ನಿತಿನ್ ಗಡ್ಕರಿ 2017ರಿಂದಲೂ ಹೇಳ್ತಾ ಬಂದಿದ್ದಾರೆ, ಡ್ರೈವರ್‌ಗಳ ಹೊಟ್ಟೆಪಾಡು ಹೋಗುವುದರಿಂದ ಚಾಲಕನಿಲ್ಲದ ಕಾರನ್ನು ದೇಶದೊಳಗೆ ಬಿಡೋದಿಲ್ಲ ಅಂತ. 2023ರಲ್ಲೂ ಅದನ್ನೇ ಹೇಳಿದರು. ನನ್ನ ಕ್ಷೇತ್ರದವರು ಇದನ್ನು ಹಿಂದುಳಿದ ಮಾತು ಅಂತ ನಗ್ತಾರೆ. ನನಗೆ ನಗು ಬರೋದಿಲ್ಲ. ಮಾರಲ್ ಮಷೀನ್‌ನ ಚಿತ್ರದಲ್ಲಿ ಕೆಲಸ ಕಳೆದುಕೊಳ್ಳುವ ಡ್ರೈವರ್ ಇರಲಿಲ್ಲ, ನಮ್ಮ ದೇಶ ಅವನನ್ನು ಚಿತ್ರದೊಳಗೆ ಸೇರಿಸಿ ಕೇಳ್ತಾ ಇದೆ. ಅದು ನ್ಯಾಯವಾದ ಪ್ರಶ್ನೆ. ಆದರೆ ಅದೇ ರಸ್ತೆಯಲ್ಲಿ 2022ರಲ್ಲಿ ದಿನಕ್ಕೆ ಸುಮಾರು 90 ಜನ ಪಾದಚಾರಿಗಳು ಸತ್ತರು ಅನ್ನೋದನ್ನೂ ತಕ್ಕಡಿಯ ಇನ್ನೊಂದು ಕಡೆ ಇಡಬೇಕು. ಕಾರು ಪೂರ್ತಿ ತಾನೇ ಓಡದಿದ್ದರೂ, ಎದುರಿಗೆ ಜನ ಕಂಡರೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯಿಂದ ಯಾವ ಡ್ರೈವರ್‌ನ ಕೆಲಸವೂ ಹೋಗೋದಿಲ್ಲ. ಮೊದಲು ಅದು ಸರಿಯಾಗಿ, ನಮ್ಮ ರಸ್ತೆಗೆ ಹೊಂದುವಂತೆ ಬರಲಿ ಅನ್ನೋದು ನನ್ನ ಅಭಿಪ್ರಾಯ.

2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಆರ್‌ವಿ ಕಾಲೇಜಿನ ಆವರಣದಲ್ಲಿ ಚಾಲಕನಿಲ್ಲದ ಕಾರಿನಲ್ಲಿ ಸ್ವಾಮೀಜಿಯೊಬ್ಬರು ಕೂತು ಹೋಗುವ ವಿಡಿಯೊ ನಿಮ್ಮಲ್ಲಿ ಹಲವರು ನೋಡಿರ್ತೀರಿ. ವಿಪ್ರೊ, ಐಐಎಸ್‌ಸಿ ಜೊತೆ ಸೇರಿ ಮಾಡಿದ ಕಾರು. ನಮ್ಮವರೇ ಬರೆದ ಸಾಫ್ಟ್‌ವೇರ್ ನಮ್ಮ ರಸ್ತೆಗೆ ಬರುವ ದಿನ ತುಂಬ ದೂರ ಇಲ್ಲ. ಅದಕ್ಕೇ ಈಗಲೇ ಮೂರು ವಿಷಯ ಕೇಳಿಟ್ಟುಕೊಳ್ಳಬೇಕು ಅಂತೀನಿ.

ಮೊದಲನೆಯದು, ಮನುಷ್ಯರಿಗೆ ಅಂಕ ಹಾಕಬೇಡಿ. ಮುದುಕ, ಮಗು, ಸಾಹೇಬ, ಕೂಲಿ ಯಾರಿಗೂ ಹೆಚ್ಚುಕಡಿಮೆ ತೂಕ ಬೇಡ. ಎರಡನೆಯದು, ಅನುಮಾನ ಬಂದರೆ ನಿಧಾನಿಸಿ. ಎದುರಿಗಿರೋದು ಏನು ಅಂತ ಗೊತ್ತಾಗದಿದ್ದರೆ ಅದು ಮನುಷ್ಯ ಇರಬಹುದು ಅಂತಲೇ ತಿಳಿಯಬೇಕು. ಅವರು ದಾಟುತ್ತಿರುವ ಜಾಗ ಸರಿಯೋ ತಪ್ಪೋ ಅನ್ನೋದು ಆಮೇಲಿನ ಮಾತು. ಒಳಗೆ ಕೂತವರಿಗೆ ನಾಲ್ಕು ನಿಮಿಷ ತಡವಾಗುತ್ತೆ, ಆಗಲಿ. ಮೂರನೆಯದು, ಗಂಟೆ ಎಲ್ಲಿದೆ ಅಂತ ಬರೆದಿಡಿ. ಅಪಘಾತದ ದಾಖಲೆ ಕಂಪನಿಯ ಗುಟ್ಟಾಗಬಾರದು, ಪೊಲೀಸರಿಗೂ ಸತ್ತವರ ಮನೆಯವರಿಗೂ ಸಿಗಬೇಕು, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಸಿಗಬೇಕು.

ಇವು ಮೂರೂ ನಮ್ಮ ಅಭ್ಯಾಸದಲ್ಲಿ ಇಲ್ಲ ಅಂತ ನೀವು ಹೇಳಬಹುದು. ಅಭ್ಯಾಸದಲ್ಲಿ ಇಲ್ಲ, ನಿಜ. ಆದರೆ ನಿಮ್ಮ ಮಗುವಿಗೆ ಗಾಡಿ ಓಡಿಸೋಕೆ ಕಲಿಸುವಾಗ ಏನು ಹೇಳ್ತೀರಿ? ‘ನಾನು ಓಡಿಸಿದ ಹಾಗೆ ಓಡಿಸು’ ಅಂತೀರಾ, ಅಥವಾ ‘ನೋಡಿಕೊಂಡು, ನಿಧಾನಕ್ಕೆ, ದಾಟುವವರಿಗೆ ಬಿಟ್ಟು ಹೋಗು’ ಅಂತೀರಾ? ನಾವು ಮಕ್ಕಳಿಗೆ ಹೇಳಿಕೊಡೋದೂ ನಮ್ಮ ಸಂಸ್ಕೃತಿಯೇ. ಕಾರಿಗೆ ಕಲಿಸುವಾಗ ಅದನ್ನು ಕಲಿಸೋಣ.

ನಿಮ್ಮ ಊರಿನ ರಸ್ತೆಯಲ್ಲಿ, ಪುಸ್ತಕದಲ್ಲಿಲ್ಲದ ಆದರೆ ಎಲ್ಲರೂ ಪಾಲಿಸುವ ನಿಯಮ ಯಾವುದು ಅಂತ ಒಮ್ಮೆ ಯೋಚಿಸಿ ನೋಡಿ. ಅದನ್ನು ಯಂತ್ರಕ್ಕೆ ಕಲಿಸಬೇಕೋ ಬೇಡವೋ ಅಂತಲೂ ಯೋಚಿಸಿ.